ಹತ್ತಿ ಮೊದಲು ಹೋಯಿತು, ಹುಡುಗರು ಆಮೇಲೆ

ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಜಗತ್ತಿನಲ್ಲೇ ಅತಿ ಉದ್ದದ್ದು ಎಂದು 2023ರ ಮಾರ್ಚಿನಲ್ಲಿ ಉದ್ಘಾಟನೆಯಾದಾಗಿನಿಂದ ಊರವರು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾರೆ. ಸಾಮಾನು ಹೊತ್ತು ಆ ತುದಿಯಿಂದ ಈ ತುದಿಗೆ ನಡೆದವರು ಅದನ್ನೇ ಬೇರೆ ದನಿಯಲ್ಲಿ ಹೇಳುತ್ತಾರೆ. ಪರದೇಶಕ್ಕೆ ಸ್ಟಡಿ ಟೂರ್ ಹೊರಟ ಕಾಲೇಜು ಹುಡುಗರ ಗುಂಪನ್ನು ಇಲ್ಲಿ ಗುರುತಿಸುವುದು ಕಷ್ಟವಲ್ಲ. ಒಂದೇ ಬಣ್ಣದ ಟಿ-ಶರ್ಟು, ಗುರುತಿಗೆಂದು ಹಿಡಿಕೆಗೆ ಕೆಂಪು ರಿಬ್ಬನ್ ಕಟ್ಟಿದ ಟ್ರಾಲಿ ಬ್ಯಾಗು, ಎಲ್ಲರ ಪಾಸ್‌ಪೋರ್ಟನ್ನೂ ಒಂದೇ ಚೀಲದಲ್ಲಿ ಹಾಕಿ ಎದೆಗವಚಿಕೊಂಡು ನಿಂತ ಸರ್. ಹೊರಟವರು ಇಪ್ಪತ್ತು ಮಂದಿಯಾದರೆ ಕಳಿಸಲು ಬಂದವರು ಎಂಬತ್ತು.

"ಅಲ್ಲೆ ಥಂಡಿ ಭಾಳ ಇರತೈತಿ, ಸ್ವೆಟರ್ ಮ್ಯಾಲೇ ಇಟ್ಟೀನಿ ನೋಡು."

"ಹೂಂ ಅವ್ವ."

"ಗುಂಪು ಬಿಟ್ಟು ಹೋಗಬ್ಯಾಡ."

ಈ ಕೊನೆಯ ಮಾತನ್ನು ಹೇಳದ ತಾಯಿಯಿಲ್ಲ. ಅದರ ಬಗ್ಗೆ ನನಗೊಂದು ತಕರಾರಿದೆ, ಆಮೇಲೆ ಹೇಳುತ್ತೇನೆ.

ಹುಬ್ಬಳ್ಳಿಯಲ್ಲಿ ವಿಮಾನ ನಿಲ್ದಾಣವಿದೆ. ಪರದೇಶಕ್ಕೆ ನೇರ ವಿಮಾನವಿಲ್ಲ. ಹಾಗಾಗಿ ಲಂಡನ್ ಇರಲಿ, ಸಿಂಗಪುರ ಇರಲಿ, ಪಯಣ ಶುರುವಾಗುವುದು ಬೆಂಗಳೂರಿನ ರಾತ್ರಿ ರೈಲಿನಿಂದ ಅಥವಾ ಮುಂಬೈ ಬಸ್ಸಿನಿಂದ. ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲೇ ಇರುವುದು ದೊಡ್ಡ ಅನುಕೂಲ. ಆದರೆ ಬ್ರಿಟನ್ನಿನ ವೀಸಾಕ್ಕೆ ಬೆರಳಚ್ಚು ಕೊಡಲು ಬೆಂಗಳೂರಿನಂಥ ಊರಿಗೆ ಹೋಗಬೇಕು. ಅಂದರೆ ಲಂಡನ್ನಿಗೆ ಹೋಗುವ ಮೊದಲು ಬೆಂಗಳೂರಿಗೆ ಒಂದು ಟೂರ್. ಯುರೋಪಿನ ಷೆಂಗೆನ್ ದೇಶಗಳ ವೀಸಾ ನಿಯಮದಲ್ಲಿ ಒಂದು ಔದಾರ್ಯವಿದೆ: ಓದಿನ ಸಲುವಾಗಿ ಬರುವ ವಿದ್ಯಾರ್ಥಿಗಳಿಗೂ ಅವರ ಜೊತೆಗೆ ಬರುವ ಶಿಕ್ಷಕರಿಗೂ ವೀಸಾ ಶುಲ್ಕ ಮಾಫಿ. ಟೂರ್ ಏಜೆಂಟರು ತಾವಾಗಿ ಇದನ್ನು ಹೇಳಲಿಕ್ಕಿಲ್ಲ, ಪಾಲಕರು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಪರದೇಶದ ಪ್ಯಾಕೇಜಿನ ಮೇಲೆ ಟಿಸಿಎಸ್ ಎಂದು ಮೊದಲೇ ಹಿಡಿದುಕೊಳ್ಳುವ ತೆರಿಗೆಯೂ ಹಾಗೆಯೇ. ರಿಟರ್ನ್ಸ್ ಸಲ್ಲಿಸುವವರಿಗೆ ಅದು ಲೆಕ್ಕಕ್ಕೆ ಬರುತ್ತದೆ, ಸಲ್ಲಿಸದವರಿಗೆ ಹೋದದ್ದು ಹೋಯಿತು.

ಇನ್ನು ಬುತ್ತಿ. ಕಡಕ ರೊಟ್ಟಿ ಜಗತ್ತಿನ ಅತ್ಯುತ್ತಮ ಪ್ರವಾಸದ ಆಹಾರ ಎಂಬುದು ನನ್ನ ಖಚಿತ ಅಭಿಪ್ರಾಯ. ನೀರಿನಂಶವಿಲ್ಲ, ಬೂಸು ಹಿಡಿಯುವುದಿಲ್ಲ, ತಿಂಗಳಿಟ್ಟರೂ ಜೋಳದ ವಾಸನೆ ಹಾಗೇ ಇರುತ್ತದೆ. ಅದರ ಜೊತೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಕಷ್ಟವಿರುವುದು ಪೇಢೆಯದು. ಭೌಗೋಳಿಕ ಸೂಚಕದ ಮುದ್ರೆ ಪಡೆದ ಧಾರವಾಡದ ಪೇಢೆ ಹಾಲಿನ ಪದಾರ್ಥ. ಭಾರತದಿಂದ ಹಾಲಿನ ಪದಾರ್ಥ ತರುವಂತಿಲ್ಲ ಎಂದು ಬ್ರಿಟನ್ನಿನ ನಿಯಮ ಹೇಳುತ್ತದೆ. ಹಾಲನ್ನು ಗಂಟೆಗಟ್ಟಲೆ ಕಾಯಿಸಿ, ಖವಾ ಮಾಡಿ, ಕಂದು ಬಣ್ಣ ಬರುವ ತನಕ ಹುರಿದು, ಸಕ್ಕರೆಯಲ್ಲಿ ಹೊರಳಿಸಿದ ಮೇಲೂ ಅದರಲ್ಲಿ ಹಾಲು ಉಳಿದಿದೆಯೇ ಎಂದು ಕಸ್ಟಮ್ಸಿನವರ ಜೊತೆ ವಾದಿಸಬಹುದಿತ್ತು. ಹುಡುಗರಿಗೆ ಅಷ್ಟು ಧೈರ್ಯವೆಲ್ಲಿ.

ಈ ಊರಿನಿಂದ ಪರದೇಶದ ದೊಡ್ಡ ಪಟ್ಟಣಕ್ಕೆ ಮೊದಲು ಹೋದದ್ದು ಮನುಷ್ಯರಲ್ಲ, ಹತ್ತಿ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನು ಇಲ್ಲಿಗೆ ಕರೆಸಿತು. ಹುಬ್ಬಳ್ಳಿ ಸಮೀಪದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿ ನ್ಯೂ ಆರ್ಲಿಯನ್ಸ್ ತಳಿಯ ಬೀಜ ಬಿತ್ತಿದರು. ಭಾರತದ ಬೇರೆ ಕಡೆ ಹೆಚ್ಚಾಗಿ ಕೈಕೊಟ್ಟ ಆ ಬೀಜ ಧಾರವಾಡದ ಎರಿ ಮಣ್ಣಿಗೆ ಒಗ್ಗಿಕೊಂಡಿತು. ಜವಾರಿ ಹತ್ತಿಯ ಪಕ್ಕದಲ್ಲಿ ವಿಲಾಯತಿ ಹತ್ತಿ ನಿಂತಿತು. ಇಂಗ್ಲಿಷಿನ ವ್ಯಾಪಾರದ ಕಾಗದಗಳಲ್ಲಿ ಅದರ ಹೆಸರೇ 'ಧಾರ್ವಾರ್-ಅಮೆರಿಕನ್'. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ನಿಂತುಹೋಗಿ, ಇಂಗ್ಲೆಂಡಿನ ಗಿರಣಿಗಳು ಇತ್ತ ನೋಡಿದವು. ಚಕ್ಕಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹತ್ತಿಯ ಅಂಡಿಗೆ ಸುರಿದವು. ಯುದ್ಧ ಮುಗಿದದ್ದೇ ದರ ಕುಸಿಯಿತು. ದೂರದ ಊರಿನ ಗದ್ದಲಕ್ಕೆ ತನ್ನ ಮನೆಯ ಒಲೆ ಉರಿಯುತ್ತದೆ, ಆರುತ್ತದೆ ಎಂಬ ಪಾಠವನ್ನು ಧಾರವಾಡದ ರೈತ ಪಾಸ್‌ಪೋರ್ಟ್ ಇಲ್ಲದೆ ಕಲಿತ.

ಹತ್ತಿಯ ಹಿಂದೆ ರೈಲು ಬಂತು. ಸದರ್ನ್ ಮರಾಠಾ ರೈಲ್ವೆ ತನ್ನ ಕೇಂದ್ರ ಕಚೇರಿಯನ್ನು ಧಾರವಾಡದಲ್ಲಿ ಕಟ್ಟಿತು. ಮುಂದೆ ಕಂಪನಿ ಬೇರೊಂದರಲ್ಲಿ ವಿಲೀನವಾಗಿ ಕಚೇರಿ ಮದರಾಸಿಗೆ ಹೋಯಿತು. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜಿಗೆ ಆ ಭವ್ಯ ಕಲ್ಲಿನ ಕಟ್ಟಡ ದಕ್ಕಿತು. ಜನರನ್ನು ದೂರ ಕಳಿಸಲೆಂದೇ ಕಟ್ಟಿದ್ದ ಮನೆ, ಕಾಲೇಜಾದ ಮೇಲೂ ಆ ಕೆಲಸ ಬಿಡಲಿಲ್ಲ.

ಎರಡು ಮೃತ್ಯುಪತ್ರಗಳು

ದಕ್ಷಿಣ ಆಫ್ರಿಕಾದ ವಜ್ರದ ಗಣಿಗಳಲ್ಲಿ ಹಣ ಮಾಡಿದ ಸೆಸಿಲ್ ರೋಡ್ಸ್ 1902ರಲ್ಲಿ ತೀರಿಕೊಂಡ. ಅವನ ಮೃತ್ಯುಪತ್ರದಿಂದ ಆಕ್ಸ್‌ಫರ್ಡಿನ ರೋಡ್ಸ್ ವಿದ್ಯಾರ್ಥಿವೇತನ ಹುಟ್ಟಿತು. ನಾಲ್ಕು ವರ್ಷದ ನಂತರ, 1906ರಲ್ಲಿ, ಶಿರಸಂಗಿಯ ಲಿಂಗರಾಜ ದೇಸಾಯಿಯವರು ತೀರಿಕೊಂಡರು. ಮಕ್ಕಳಿಲ್ಲದ ಆ ದೇಸಾಯಿ ನವಲಗುಂದ-ಶಿರಸಂಗಿ ಸಂಸ್ಥಾನದ ಆಸ್ತಿಯನ್ನೆಲ್ಲ ಲಿಂಗಾಯತ ಮಕ್ಕಳ ಓದಿಗೆ ಬರೆದಿಟ್ಟು ಹೋಗಿದ್ದರು. ಮೊದಲನೆಯದರ ಕತೆ ಜಗತ್ತಿಗೆಲ್ಲ ಗೊತ್ತು. ಎರಡನೆಯದು ಗೊತ್ತಿರುವುದು ನಮ್ಮ ಈ ಭಾಗಕ್ಕಷ್ಟೇ. ಆದರೆ ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಯ ಎಷ್ಟೋ ಮನೆಗಳಲ್ಲಿ "ನಮ್ಮಜ್ಜ ಶಿರಸಂಗಿ ಟ್ರಸ್ಟಿನ ದುಡ್ಡಿನ್ಯಾಗ ಓದಿದಾಂವ" ಎಂಬ ಮಾತು ಈಗಲೂ ಕೇಳುತ್ತದೆ. ಗೋಕಾಕ ತಾಲೂಕಿನ ಮಮದಾಪುರದ ಡಿ.ಸಿ. ಪಾವಟೆಯವರ ಇಂಗ್ಲೆಂಡ್ ಓದಿಗೂ ಅದೇ ಟ್ರಸ್ಟು ನೆರವಾಯಿತೆಂದು ಇಲ್ಲಿನವರು ನೆನೆಯುತ್ತಾರೆ.

1899ರಲ್ಲಿ ಹುಟ್ಟಿದ ಪಾವಟೆಯವರು ಕರ್ನಾಟಕ ಕಾಲೇಜಿನಲ್ಲಿ ಓದಿ ಕೇಂಬ್ರಿಜ್‌ಗೆ ಹೋದರು, ಗಣಿತದಲ್ಲಿ ರ‍್ಯಾಂಗ್ಲರ್ ಆದರು. ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದವರನ್ನು ಹಾಗೆ ಕರೆಯುತ್ತಾರೆ. ಧಾರವಾಡದವರಿಗೆ ಆ ಶಬ್ದದ ಅರ್ಥ ಗೊತ್ತಿತ್ತೋ ಇಲ್ಲವೋ, ಬಿರುದು ಮಾತ್ರ ಹೆಸರಿಗೆ ಅಂಟಿಕೊಂಡಿತು: ರ‍್ಯಾಂಗ್ಲರ್ ಪಾವಟೆ. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ ಗುಡ್ಡದ ಮೇಲೆ ಅವರು ಬೆಳೆಸಿದ ಆವರಣವೇ ಇವತ್ತಿನ ಪಾವಟೆ ನಗರ. ಆಮೇಲೆ ಪಂಜಾಬಿನ ರಾಜ್ಯಪಾಲರಾದರು. ಅವರ ಹೆಸರಿನ ಫೆಲೋಶಿಪ್ ಈಗಲೂ ಕರ್ನಾಟಕದ ಯುವಕರನ್ನು ಕೇಂಬ್ರಿಜ್‌ಗೆ ಕಳಿಸುತ್ತದೆ. ಸಾಲ ತೀರಿಸುವುದಕ್ಕೆ ಇದಕ್ಕಿಂತ ನೇರವಾದ ದಾರಿ ನನಗೆ ತೋಚುವುದಿಲ್ಲ.

ಎಸ್.ಸಿ. ನಂದಿಮಠರದು ಇನ್ನೂ ಸೋಜಿಗ. ಅವರು ಲಂಡನ್ನಿಗೆ ಹೋದದ್ದು ವೀರಶೈವ ಧರ್ಮದ ಮೇಲೆ ಪಿಎಚ್.ಡಿ. ಮಾಡಲು. ಕಲ್ಯಾಣ, ಕೂಡಲಸಂಗಮ ಇರುವ ಸೀಮೆಯವರು ಬಸವಣ್ಣನನ್ನು ಅಭ್ಯಾಸ ಮಾಡಲು ಥೇಮ್ಸ್ ದಂಡೆಗೆ ಹೋಗುವುದೇ ಎಂದು ಆಗಲೂ ಯಾರೋ ನಕ್ಕಿರಬೇಕು. ಆದರೆ ಪೌರ್ವಾತ್ಯ ಅಧ್ಯಯನದ ಶಾಲೆ, ಗ್ರಂಥಾಲಯ, ಕನ್ನಡ ಶಾಸನ ಓದಬಲ್ಲ ಎಲ್.ಡಿ. ಬಾರ್ನೆಟ್ಟರಂಥ ಪಂಡಿತರು ಇದ್ದದ್ದು ಅಲ್ಲಿ. ಹಿಂತಿರುಗಿ ಬಂದ ನಂದಿಮಠರು 1942ರಲ್ಲಿ ವೀರಶೈವದ ಕೈಪಿಡಿಯನ್ನು ಇಂಗ್ಲಿಷಿನಲ್ಲಿ ಹೊರತಂದರು. ಇವತ್ತು ಲಂಡನ್ನಿಗೆ ಹೋಗುವ ನಮ್ಮ ಗುಂಪುಗಳು ತಪ್ಪದೆ ಒಂದು ಕಡೆ ಫೋಟೊ ತೆಗೆಸಿಕೊಳ್ಳುತ್ತವೆ: ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರ ಪ್ರತಿಮೆಯ ಎದುರು. ನಂದಿಮಠರು ಓದುತ್ತಿದ್ದಾಗ ಅಲ್ಲಿ ಪ್ರತಿಮೆ ಇರಲಿಲ್ಲ, ಅವರ ಬಗಲಿನಲ್ಲಿ ಹಸ್ತಪ್ರತಿ ಇತ್ತು.

ಕೇಳುವವರು ಇದ್ದರು

ಗೋಕಾಕರ ಕತೆಗೆ ಬಂದರೆ ಕಡಲಿನ ವಾಸನೆ. ವಿ.ಕೃ. ಗೋಕಾಕ ಸವಣೂರಿನಲ್ಲಿ ಹುಟ್ಟಿ ಧಾರವಾಡದಲ್ಲಿ ಓದಿ, ಬೇಂದ್ರೆಯವರ ಗೆಳೆಯರ ಗುಂಪಿನಲ್ಲಿ ಬೆಳೆದು, 1936ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಸಾಧನಕೇರಿಯ ನೀರನ್ನೇ ದೊಡ್ಡ ನೀರೆಂದು ನೋಡಿದ ಕಣ್ಣಿಗೆ ದಿನಗಟ್ಟಲೆ ದಂಡೆಯೇ ಕಾಣದ ಕಡಲು. ಆ ಕಾಲದ ಹಡಗುಗಳು ಮುಂಬೈ ಬಿಟ್ಟು ಏಡನ್, ಸುಯೆಜ್ ದಾಟಿ ಹೋಗುತ್ತಿದ್ದವು. ಆ ಕಡಲು 'ಸಮುದ್ರ ಗೀತೆಗಳು' ಎಂದು 1940ರಲ್ಲಿ ಕನ್ನಡಕ್ಕೆ ಬಂತು. ಹಳೆಯ ಛಂದಸ್ಸಿಗೆ ಒಗ್ಗದ ಅನುಭವ ಮುಕ್ತಛಂದವನ್ನು ಕೇಳಿತು. ಮುಂದೆ ನವ್ಯ ಎಂದು ಕರೆಸಿಕೊಂಡ ದಾರಿಯ ಒಂದು ತುದಿ ಆ ಹಡಗಿನ ಡೆಕ್ಕಿನಲ್ಲಿದೆ. ಪ್ರವಾಸವನ್ನೂ ಅವರು ಬಿಡದೆ ಬರೆದರು. ಯಾರಿಗಾಗಿ? ಊರಲ್ಲಿ ಗೆಳೆಯರು ಕಾಯುತ್ತಿದ್ದರು, ಬರೆದದ್ದನ್ನು ಓದಿ ಜಗಳ ತೆಗೆಯಲು ಸಿದ್ಧರಿದ್ದರು.

ಗಿರೀಶ ಕಾರ್ನಾಡರದು ಇದರ ಮಗ್ಗುಲು. ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದ ಹುಡುಗನಿಗೆ ಅದೇ ರೋಡ್ಸ್ ವೇತನ ಸಿಕ್ಕಿತು. (ಭಾರತೀಯರಿಗೆ ಆ ಬಾಗಿಲು ತೆರೆಯಲು ನಾಲ್ಕು ದಶಕವೇ ಹಿಡಿದಿತ್ತು.) ಇಂಗ್ಲಿಷಿನಲ್ಲಿ ಕವಿಯಾಗುವ ಕನಸು ಹೊತ್ತವನು, ಹೊರಡುವ ಮುಂಚಿನ ದಿನಗಳಲ್ಲಿ ಬರೆದದ್ದು ಕನ್ನಡದಲ್ಲಿ, ಅದೂ ನಾಟಕ. ಪರದೇಶಕ್ಕೆ ಹೋದ ಮಗ ಅಲ್ಲಿಯೇ ಉಳಿದುಬಿಟ್ಟರೆ ಎಂಬ ಮನೆಯವರ ಅಂಜಿಕೆ, ಹಿರಿಯರಿಗಾಗಿ ಎಷ್ಟು ತ್ಯಾಗ ಮಾಡಬೇಕು ಎಂಬ ಅವರದೇ ಹೊಯ್ದಾಟ, ಇವೆರಡೂ ಸೇರಿ 'ಯಯಾತಿ'ಯಲ್ಲಿ ಮಗ ಅಪ್ಪನ ಮುಪ್ಪನ್ನು ಹೊತ್ತುಕೊಂಡ. ಕಾರ್ನಾಡರೇ ಮುಂದೆ ಇದನ್ನು ಹೇಳಿಕೊಂಡಿದ್ದಾರೆ. ಅವರು 1960ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಮರುವರ್ಷ ಧಾರವಾಡದ ಸುಭಾಸ ರಸ್ತೆಯ ಅಟ್ಟದಿಂದ, ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ನಾಟಕವನ್ನು ಪ್ರಕಟಿಸಿತು. ಹುಡುಗ ಆಕ್ಸ್‌ಫರ್ಡಿನಲ್ಲಿ, ಪುಸ್ತಕ ಧಾರವಾಡದಲ್ಲಿ. ಹಗ್ಗ ಹರಿದಿರಲಿಲ್ಲ. ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾದವರು 1963ರಲ್ಲಿ ಭಾರತಕ್ಕೆ ವಾಪಸಾದರು.

ಇವರೆಲ್ಲ ಒಬ್ಬೊಬ್ಬರೇ ಹೋದವರು ಎನ್ನುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಒಬ್ಬರ ಹಿಂದೆ ದೇಸಾಯಿಯ ಹೊಲ, ಇನ್ನೊಬ್ಬರ ಹಿಂದೆ ಗೆಳೆಯರ ಗುಂಪು, ಮತ್ತೊಬ್ಬರ ಹಿಂದೆ ಅಟ್ಟದ ಮೇಲಿನ ಚಹಾ ಮತ್ತು ಹರಟೆ. ಕಳಿಸಿದ ಊರು ಬಂದ ಮೇಲೆ "ಏನ್ ತಂದಿ?" ಎಂದು ಕೇಳುವ ಹಕ್ಕನ್ನೂ ಇಟ್ಟುಕೊಂಡಿತ್ತು.

ದೇಸಾಯಿಯಂಥವರು ಯಾರೂ ಇಲ್ಲದ ಜಾತಿಗಳ ಮಕ್ಕಳ ಮಾತೇನು? ಬಡೋದೆಯ ಮಹಾರಾಜರ ವೇತನದ ಮೇಲೆ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಹೋಗಿ, ಆಮೇಲೆ ಲಂಡನ್ನಿನಲ್ಲೂ ಓದಿ ಬಂದ ಅಂಬೇಡ್ಕರರು 1929ರಲ್ಲಿ ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳಿಗೆ ವಸತಿ ನಿಲಯ ತೆರೆದರು. ಊರೊಳಗೆ ಬಾಡಿಗೆಗೆ ಕೋಣೆ ಸಿಗದ, ಬಾವಿಯ ನೀರು ಸಿಗದ ಹುಡುಗನಿಗೆ ಧಾರವಾಡವೇ ಪರದೇಶ. ಹಡಗೇರಿ ಹೋದವರ ದೊಡ್ಡ ಹೆಸರುಗಳ ನಡುವೆ, ಹಳ್ಳಿಯಿಂದ ಹೆಗಲಿಗೆ ಗಂಟು ಹಾಕಿಕೊಂಡು ಈ ನಿಲಯಕ್ಕೋ, ಮುರುಘಾಮಠದ ಪ್ರಸಾದ ನಿಲಯಕ್ಕೋ ನಡೆದು ಬಂದವರ ಪಯಣ ಉದ್ದದಲ್ಲಿ ಕಡಿಮೆಯಾದೀತು, ದೂರದಲ್ಲಲ್ಲ.

ಗುಂಪು ಬಿಟ್ಟು ಹೋಗಬ್ಯಾಡ

ಈಗಿನ ಸ್ಟಡಿ ಟೂರಿಗೆ ಬರೋಣ. ಎಂಜಿನಿಯರಿಂಗ್, ವ್ಯವಸ್ಥಾಪನೆ, ವಾಸ್ತುಶಿಲ್ಪದ ಹುಡುಗರು ಹತ್ತು-ಹದಿನೈದು ದಿನ ಸಹಪಾಠಿಗಳ ಜೊತೆ ಹೋಗಿ ಬರುತ್ತಾರೆ. ಇದನ್ನು ಕೇಳಿ ಮೂಗು ಮುರಿಯುವವರು ಬಹಳ. ಎರಡು ದಿನ ಕಾರ್ಖಾನೆ, ಎಂಟು ದಿನ ಶಾಪಿಂಗ್ ಎಂದು ಚೇಷ್ಟೆ ಮಾಡುತ್ತಾರೆ. ಚೇಷ್ಟೆಯಲ್ಲಿ ಸತ್ಯವಿಲ್ಲ ಎನ್ನಲಾರೆ. ಆದರೆ ಒಂದು ಲೆಕ್ಕ ಅವರು ಮರೆಯುತ್ತಾರೆ. ಒಬ್ಬಳೇ ಹೋಗುತ್ತೇನೆ ಎಂದರೆ ಬೆಂಗಳೂರಿಗೂ ಬಿಡದ ಮನೆಯವರು, ವರ್ಗದ ಹುಡುಗಿಯರು ನಾಲ್ವರು, ಜೊತೆಗೆ ಮೇಡಂ ಎಂದ ಕೂಡಲೇ ಸಿಂಗಪುರಕ್ಕೂ ಸಹಿ ಹಾಕುತ್ತಾರೆ. ಪಾವಟೆ, ಗೋಕಾಕ, ಕಾರ್ನಾಡ ಎಂದು ಮೇಲೆ ಕೊಟ್ಟ ಹೆಸರುಗಳಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲದ್ದನ್ನು ಗಮನಿಸಿರಬಹುದು. ಗುಂಪಿನ ಟೂರು ಆ ಕದವನ್ನು ಸ್ವಲ್ಪ ಸರಿಸಿದೆ.

ತಕರಾರು ಬೇರೆ. ಇಪ್ಪತ್ತು ಮಂದಿ ಹೋದಾಗ ಹುಬ್ಬಳ್ಳಿಯೇ ಹೋಗಿರುತ್ತದೆ. ಮೆಟ್ರೋದಲ್ಲಿ ಕನ್ನಡ, ಊಟಕ್ಕೆ ಭಾರತೀಯ ಹೋಟೆಲು, ಕೋಣೆಯಲ್ಲಿ ಕಡಕ ರೊಟ್ಟಿ. ಗೈಡಿನ ಕೈಯಲ್ಲಿನ ಬಾವುಟದ ಹಿಂದೆ ನಡೆದವನಿಗೆ ದಾರಿ ತಪ್ಪುವುದಿಲ್ಲ, ದಾರಿ ಕೇಳುವ ಪ್ರಸಂಗವೂ ಬರುವುದಿಲ್ಲ. ಪರಊರು ತನ್ನನ್ನು ತೋರಿಸಿಕೊಳ್ಳುವುದು ದಾರಿ ಕೇಳುವವನಿಗೆ. ಅರ್ಧ ದಿನವಾದರೂ ಇಬ್ಬಿಬ್ಬರನ್ನಾಗಿ ಒಡೆದು, ಕೈಗೆ ಒಂದು ಪ್ರಶ್ನೆ ಕೊಟ್ಟು ಬಿಟ್ಟರೆ ಟೂರಿನ ಹಣೆಬರಹವೇ ಬದಲಾದೀತು.

ಪ್ರಶ್ನೆ ಎಲ್ಲಿಂದ ತರುವುದು? ಊರಿಂದಲೇ. ಹುಬ್ಬಳ್ಳಿ-ಧಾರವಾಡದ ನಡುವೆ 22 ಕಿಲೋಮೀಟರ್ ಉದ್ದದ ಬಿಆರ್‌ಟಿಎಸ್ ಮಾರ್ಗವಿದೆ. 2018ರಲ್ಲಿ ಪ್ರಾಯೋಗಿಕವಾಗಿ ಓಡತೊಡಗಿದ ಚಿಗರಿ ಬಸ್ಸುಗಳಲ್ಲಿ ದಿನಾ ಕಾಲೇಜಿಗೆ ಬರುವ ಹುಡುಗರೇ ಈ ಟೂರಿಗೆ ಹೋಗುವವರು. ಬಸ್ಸಿಗೆ ರಸ್ತೆಯ ನಡುವೆ ಪ್ರತ್ಯೇಕ ದಾರಿ ಬಿಟ್ಟದ್ದಕ್ಕೆ ಇಲ್ಲಿ ಎಷ್ಟು ಬೈಗುಳ, ಎಷ್ಟು ಹೊಗಳಿಕೆ! ಲಂಡನ್ನಿನಲ್ಲಿ 2003ರಿಂದ ನಗರದ ನಡುಭಾಗಕ್ಕೆ ಕಾರು ತಂದವರು ದಿನದ ಶುಲ್ಕ ಕೊಡಬೇಕು. ಅಲ್ಲಿನ ಅಂಗಡಿಕಾರ ಇದಕ್ಕೆ ಏನನ್ನುತ್ತಾನೆ? ಹೋಗಿ ಕೇಳಬಹುದು. ಸಿಂಗಪುರ ಬಳಸಿದ ನೀರನ್ನೇ ಶುದ್ಧಗೊಳಿಸಿ ಮತ್ತೆ ಬಳಸುತ್ತದೆ. ನಮ್ಮಲ್ಲಿ 2008ರಿಂದ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು, ಉಳಿದ ಓಣಿಗಳಲ್ಲಿ ನಳ ಬರುವ ದಿನಕ್ಕಾಗಿ ಕೊಡಗಳ ಸಾಲು. ಮಲಪ್ರಭೆಯ ನೀರಿಗೆ ಕಾದು ಬೆಳೆದ ಹುಡುಗಿ ಆ ಸಿಂಗಪುರದ ಘಟಕದ ಎದುರು ನಿಂತರೆ, ಬೇರೆ ಊರಿನವರು ಕೇಳದ ಪ್ರಶ್ನೆ ಕೇಳಿಯಾಳು.

ಗುಂಪನ್ನು ಒಡೆಯುವ ಒಂದು ಒಳ್ಳೆಯ ಪ್ರಯೋಗ ಹುಬ್ಬಳ್ಳಿಯಲ್ಲೇ ನಡೆದಿದೆ. 2010ರ ದಶಕದಲ್ಲಿ, 1947ರಷ್ಟು ಹಳೆಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು (ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ), ದೇಶಪಾಂಡೆ ಫೌಂಡೇಶನ್ ಮತ್ತು ಅಮೆರಿಕದ ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯದ ಲೋವೆಲ್ ಶಾಖೆ ಸೇರಿ ಉದ್ಯಮಶೀಲತೆಯ ವಿನಿಮಯ ಕಾರ್ಯಕ್ರಮ ನಡೆಸಿದವು. ಅಲ್ಲಿನ ವಿದ್ಯಾರ್ಥಿಗಳು ಹುಬ್ಬಳ್ಳಿಗೆ ಬಂದರು. ಇಲ್ಲಿನವರ ಜೊತೆ ಬೆರೆಸಿ ತಂಡ ಮಾಡಿ, ಒಂದೇ ಸಮಸ್ಯೆಗೆ ಎರಡೂ ಕಡೆಯವರು ತಲೆ ಕೊಡುವಂತೆ ಮಾಡಿದರು. ತಂಡದಲ್ಲಿ ಕನ್ನಡ ಬಾರದವನೊಬ್ಬ ಇದ್ದಾನೆ ಎಂದರೆ ಸಾಕು, ನಮ್ಮ ಹುಡುಗ ತನ್ನ ಊರನ್ನು ಮೊದಲ ಸಲ ವಿವರಿಸಿ ಹೇಳಬೇಕಾಗುತ್ತದೆ. ವಿವರಿಸುವಾಗ ತನಗೇ ಗೊತ್ತಿಲ್ಲದ್ದು ಎಷ್ಟಿದೆ ಎಂದು ತಿಳಿಯುತ್ತದೆ.

ಲೋವೆಲ್ ಎಂಬ ಹೆಸರು ಹತ್ತಿಯ ಚರಿತ್ರೆ ಬಲ್ಲವರಿಗೆ ಹೊಸದಲ್ಲ. ಬಾಸ್ಟನ್ನಿನಿಂದ ತುಸು ದೂರದಲ್ಲಿ, ಮೆರಿಮ್ಯಾಕ್ ಹೊಳೆಯ ದಂಡೆಯ ಮೇಲೆ, 1820ರ ದಶಕದಲ್ಲಿ ನೀರಿನ ಬಲದಿಂದ ಓಡುವ ಬಟ್ಟೆ ಗಿರಣಿಗಳಿಗಾಗಿಯೇ ಕಟ್ಟಿದ ಊರು ಅದು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬಂದು ದುಡಿದರು. ದಕ್ಷಿಣದ ರಾಜ್ಯಗಳಲ್ಲಿ ಗುಲಾಮರು ಬಿಡಿಸಿದ ಹತ್ತಿ ಅಲ್ಲಿ ನೂಲಾಯಿತು. ಆ ಹತ್ತಿ ನಿಂತ ನಾಲ್ಕು ವರ್ಷ ನಮ್ಮ ಚಕ್ಕಡಿಗಳು ಕುಮಟಾ ಹಾದಿ ಹಿಡಿದಿದ್ದು. ಹುಬ್ಬಳ್ಳಿಯಲ್ಲೂ ಗಿರಣಿಯ ಭೋಂಗಾ ಕೇಳಿ ಗಡಿಯಾರ ಸರಿಮಾಡಿಕೊಂಡ ತಲೆಮಾರಿದೆ. ಎರಡೂ ಊರಿನ ಹುಡುಗರು ಒಂದೇ ಮೇಜಿನ ಸುತ್ತ ಕೂತಾಗ ಈ ಮಾತು ಬಂತೋ ಇಲ್ಲವೋ. ಬಂದಿದ್ದರೆ ಒಂದು ಮಧ್ಯಾಹ್ನ ಪೂರ್ತಿ ಅದರಲ್ಲೇ ಕಳೆಯಬಹುದಿತ್ತು.

ಟೂರ್ ಮುಗಿಸಿ ಬಂದವರು ವರದಿ ಬರೆಯಬೇಕು. ಸ್ಪೈರಲ್ ಬೈಂಡಿಂಗ್, ಮೇಲೊಂದು ಪ್ಲಾಸ್ಟಿಕ್ ಹೊದಿಕೆ, ಮೊದಲ ಪುಟದಲ್ಲಿ ಪ್ರಾಂಶುಪಾಲರಿಗೂ ವಿಭಾಗದ ಮುಖ್ಯಸ್ಥರಿಗೂ ಕೃತಜ್ಞತೆ, ನಡುವೆ ಬಣ್ಣದ ಫೋಟೊಗಳು. ಅದು ವಿಭಾಗದ ಕಪಾಟಿಗೆ ಸೇರುತ್ತದೆ, ಹೋದ ವರ್ಷದ್ದರ ಮೇಲೆ. ಗೋಕಾಕರ ಕಡಲಿಗೆ ಓದುವವರಿದ್ದರು, ಕಾರ್ನಾಡರ ಹಸ್ತಪ್ರತಿಗೆ ಅಟ್ಟ ಇತ್ತು. ಈ ಬೈಂಡಿಂಗಿನ ಒಂದು ಪುಟವನ್ನಾದರೂ ಕಿರಿಯ ವರ್ಗದ ಹುಡುಗರ ಎದುರು ಗಟ್ಟಿಯಾಗಿ ಓದಿಸಿ, ಅವರಿಂದ ನಾಲ್ಕು ಪ್ರಶ್ನೆ ಕೇಳಿಸುವ ಕೆಲಸಕ್ಕೆ ಖರ್ಚೇನೂ ಇಲ್ಲ.

ಕಪಾಟಿನ ಪಕ್ಕದ ನೋಟಿಸ್ ಬೋರ್ಡಿನಲ್ಲಿ ಮುಂದಿನ ವರ್ಷದ ಸುತ್ತೋಲೆ ಆಗಲೇ ಬಂದಿರುತ್ತದೆ. ಪಾಸ್‌ಪೋರ್ಟಿನ ಝೆರಾಕ್ಸ್ ಎರಡು ಪ್ರತಿ, ಪಾಲಕರ ಒಪ್ಪಿಗೆ ಪತ್ರ, ಫೋಟೊ ಬಿಳಿ ಹಿನ್ನೆಲೆಯದು. ಎದುರು ನಿಂತ ಹುಡುಗರು ಊರಿನ ಹೆಸರನ್ನು ಆಮೇಲೆ ಓದುತ್ತಾರೆ. ಮೊದಲು ಕಣ್ಣು ಹೋಗುವುದು ಕೆಳಗಿನ ಸಾಲಿಗೆ, ಮೊತ್ತಕ್ಕೆ. ಒಬ್ಬ ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಮನೆಗೆ ಕಳಿಸಿ, ಅಪ್ಪನ ಉತ್ತರಕ್ಕೆ ಕಾಯುತ್ತ ಅಲ್ಲೇ ಗೋಡೆಗೆ ಆತು ನಿಲ್ಲುತ್ತಾನೆ.